ದಿವಾಳಿಯಾದವನ ಖಾತೆ: ಪಾಪರ್ ಚೀಟಿಯಿಂದ ಪಾಸ್ ಬುಕ್ಕಿನವರೆಗೆ



ನಮ್ಮ ಹೋಳೂರು ಕಡೆ ಸಾಲ ತೀರಿಸಲಾಗದೆ ಕೈಯೆತ್ತಿದವನ ಬಗ್ಗೆ ಆಡುವ ಮಾತಿಗೆ ಬರವಿಲ್ಲ. ದಿವಾಳಿ ಎದ್ದ ಅಂತಾರೆ, ಮುಳುಗಿಹೋದ ಅಂತಾರೆ, ಪಾಪರ್ ಚೀಟಿ ತಗೊಂಡ ಅಂತಾರೆ. ತೆಲುಗು ಬೆರೆತ ಸೀಮೆಯಾದ್ದರಿಂದ "ಐ.ಪಿ. ಪೆಟ್ಟಾಡು" ಅನ್ನುವವರೂ ಉಂಟು. ಐ.ಪಿ. ಎಂದರೆ ಇನ್‌ಸಾಲ್ವೆನ್ಸಿ ಪಿಟಿಷನ್, ಅಂದರೆ ದಿವಾಳಿ ಅರ್ಜಿ. ಇದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: "ಐ.ಪಿ. ಹಾಕಿದೋನಿಗೆ ಬ್ಯಾಂಕಲ್ಲಿ ಖಾತೆ ಇಲ್ಲ, ಸೊಸೈಟೀಲಿ ಜಾಗ ಇಲ್ಲ." ಈ ಮಾತಿನಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಸುಳ್ಳಿದೆ. ಯಾವುದು ಎಷ್ಟು ಎಂದು ತಿಳಿಯದೆ ಹೆದರಿದವರು ಇದ್ದಬದ್ದ ಹಣವನ್ನು ಬಾಮೈದನ ಹೆಸರಿಗೆ ದಾಟಿಸಿ ಮತ್ತೊಂದು ಗುಂಡಿಗೆ ಬೀಳುತ್ತಾರೆ. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ದಿವಾಳಿಯ ಮಾತೇಕೆ ಎಂದು ಯಾರೂ ಬೇಸರಿಸಬಾರದು. ಸಾಲದಿಂದ ಮುಳುಗುವವರನ್ನು ಎತ್ತುವುದಕ್ಕೇ ಸಹಕಾರ ಸಂಘಗಳು ಹುಟ್ಟಿದ್ದು.

ಮೊದಲಿಗೆ ಖಾತೆ ಎಂಬ ಪದವನ್ನೇ ನೋಡಿ. ಹಳ್ಳಿಯಲ್ಲಿ ಖಾತೆ ಎಂದರೆ ಮೊದಲು ಜಮೀನಿನ ಖಾತೆ. "ಖಾತೆ ಯಾರ ಹೆಸರಲ್ಲಿದೆ?" ಎಂದರೆ ಪಹಣಿ ನೆನಪಾಗುತ್ತದೆಯೇ ಹೊರತು ಪಾಸ್ ಬುಕ್ಕಲ್ಲ. ಎರಡನೆಯದು ಸಾಹುಕಾರರ ಖಾತೆ. ಹಿಂದಿನವರು ಅದನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುವ ಕಪ್ಪು ಪುಸ್ತಕ ಅದು. ಅದರಲ್ಲಿ ರೈತನ ಹೆಸರಿಗೆ ಬರೆದದ್ದು ಅವನು ಕೊಡಬೇಕಾದದ್ದು ಮಾತ್ರ. ಅವನು ಇಟ್ಟ ಹಣ ಅಂತ ಒಂದು ಸಾಲೂ ಇರುತ್ತಿರಲಿಲ್ಲ. ಬಳಪದ ಬರಹ ಒರೆಸಿದರೆ ಹೋಗುತ್ತಿತ್ತು, ಆದರೆ ಒರೆಸುವ ಕೈ ಸಾಹುಕಾರರದು.

ಆ ಕಾಲದಲ್ಲಿ ಸಾಲಗಾರ ಸೋತರೆ ಹಿಡಿಯುತ್ತಿದ್ದದ್ದು ಖಾತೆಯನ್ನಲ್ಲ, ಆಸಾಮಿಯನ್ನೇ. ಇಂಗ್ಲೆಂಡಿನಲ್ಲೂ ಸಾಲಗಾರರಿಗೆಂದೇ ಜೈಲುಗಳಿದ್ದವು. 1869ರ ಕಾಯ್ದೆ ಬಂದ ಮೇಲೆ ಆ ಪದ್ಧತಿ ಬಹುಮಟ್ಟಿಗೆ ನಿಂತಿತು. ನಮ್ಮಲ್ಲಿ ಡಿಕ್ರಿ ಪಡೆದವನು ವಾರಂಟು ತಂದು ಸಾಲಗಾರನನ್ನು ಸಿವಿಲ್ ಜೈಲಿಗೆ ಹಾಕಿಸಬಹುದಿತ್ತು. ಆದರೆ ಒಂದು ಕಟ್ಟಳೆ: ಒಳಗಿರುವಷ್ಟು ದಿನವೂ ಸಾಲಗಾರನ ಊಟದ ಬತ್ತೆಯನ್ನು ಹಾಕಿಸಿದವನೇ ಕಟ್ಟಬೇಕು. ಸಾಲ ಕೊಟ್ಟವನೇ ಅನ್ನವನ್ನೂ ಹಾಕಬೇಕು! ಈ ಬತ್ತೆಯ ದೆಸೆಯಿಂದಲೇ ಎಷ್ಟೋ ಜನ ಹೊರಗೆ ಉಳಿದಿರಬೇಕು.

ಮುಂಬಯಿ ಪ್ರಾಂತ್ಯದಲ್ಲಿ 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನೇ ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖನ್ ರೈತರ ಪರಿಹಾರ ಕಾಯ್ದೆ ಬಂತು. ರೈತನೂ ದಿವಾಳಿ ಅರ್ಜಿ ಕೊಡಬಹುದೆಂದು ಅದರಲ್ಲಿ ಒಂದು ಅಧ್ಯಾಯವೇ ಇತ್ತು. ಅಲ್ಲಿಯವರೆಗೆ ದಿವಾಳಿ ಎಂಬುದು ಬಹುಮಟ್ಟಿಗೆ ದೊಡ್ಡ ಪಟ್ಟಣಗಳ ವ್ಯಾಪಾರಿಗಳಿಗೆ ಸೇರಿದ ಮಾತಾಗಿತ್ತು. ಆಮೇಲೆ 1907ರಲ್ಲಿ, ಮತ್ತೆ 1920ರಲ್ಲಿ, ಪ್ರಾಂತೀಯ ದಿವಾಳಿ ಕಾಯ್ದೆಗಳು ಬಂದವು. ಮೈಸೂರು ಸಂಸ್ಥಾನಕ್ಕೆ ಇದೇ ಮಾದರಿಯ ತನ್ನದೇ ಕಾಯ್ದೆ ಇತ್ತು. ರಾಜ್ಯ ಒಂದಾದ ಮೇಲೆ 1920ರ ಕಾಯ್ದೆಯೇ ನಮಗೂ ಅನ್ವಯವಾಯಿತು. ಐ.ಪಿ. ಎಂದು ನಾವು ಆಡಿಕೊಳ್ಳುವುದು ಇದನ್ನೇ.

ಇಲ್ಲಿ ಒಂದು ಗೊಂದಲ ಬಿಡಿಸಿಬಿಡಬೇಕು. ಪಾಪರ್ ಎಂದು ಜನ ಕರೆಯುವುದು ಎರಡು ಬೇರೆ ಬೇರೆ ಸಂಗತಿಗಳನ್ನು. ಕೋರ್ಟ್ ಫೀಜು ಕಟ್ಟಲು ಶಕ್ತಿಯಿಲ್ಲದವನು ಫೀಜಿಲ್ಲದೆ ದಾವೆ ಹಾಕುವುದು ಪಾಪರ್ ದಾವೆ. ತಾನೇ ಕೊಡಬೇಕಾದ ಸಾಲವನ್ನು ಕೊಡಲಾರೆ ಎಂದು ಹೇಳಿಕೊಳ್ಳುವುದು ದಿವಾಳಿ ಅರ್ಜಿ. ಮೊದಲನೆಯವನು ಬಡವ, ಅಷ್ಟೆ. ಅವನನ್ನೂ ದಿವಾಳಿ ಎಂದು ಆಡಿಕೊಳ್ಳುವುದು ತಪ್ಪು.

ಈಗ ಖಾತೆಯ ಮಾತಿಗೆ ಬರೋಣ. ದಿವಾಳಿಯಾದವನು ಬ್ಯಾಂಕಿನಲ್ಲಿ ಖಾತೆ ಇಡಬಾರದು ಎಂದು 1920ರ ಕಾಯ್ದೆ ಎಲ್ಲೂ ಹೇಳಿಲ್ಲ. ಹೇಳಿರುವುದು ಬೇರೆ. ಕೋರ್ಟು ಒಬ್ಬನನ್ನು ದಿವಾಳಿ ಎಂದು ಘೋಷಿಸಿದ ಕೂಡಲೇ ಅವನ ಆಸ್ತಿಯೆಲ್ಲ ಕೋರ್ಟಿನ ಇಲ್ಲವೆ ಕೋರ್ಟು ನೇಮಿಸಿದ ರಿಸೀವರ ವಶಕ್ಕೆ ಹೋಗುತ್ತದೆ. ಬ್ಯಾಂಕಿನಲ್ಲಿರುವ ಬಾಕಿಯೂ ಆಸ್ತಿಯೇ. ಆದ್ದರಿಂದ ಸುದ್ದಿ ಮುಟ್ಟಿದ ಬ್ಯಾಂಕು ಆ ಖಾತೆಯಿಂದ ಹಣ ಬಿಡುವುದನ್ನು ನಿಲ್ಲಿಸುತ್ತದೆ. ಇದನ್ನು ಕಂಡ ಜನ ಖಾತೆ ಮುಚ್ಚಿದರು ಎಂದರು. ಮುಚ್ಚಿದ್ದಲ್ಲ, ಯಜಮಾನ ಬದಲಾದ. ಘೋಷಣೆಯಾದ ಮೇಲೆ, ಬಿಡುಗಡೆ ಆದೇಶ ಸಿಗುವ ಮೊದಲು, ಹೊಸದಾಗಿ ಬಂದ ಹಣವೂ ರಿಸೀವರಿಗೇ ಸೇರುತ್ತದೆ. ಹಾಗಾಗಿ ಹೊಸ ಖಾತೆ ತೆರೆದರೂ ಅದರಲ್ಲಿ ಬೀಳುವುದು ಪೂರ್ತಿ ಅವನದಲ್ಲ. ಆದರೆ ಅವನ ಮತ್ತು ಅವನ ಸಂಸಾರದ ಜೀವನಕ್ಕೆ ಇಷ್ಟು ಎಂದು ಕೋರ್ಟಿನ ಅಪ್ಪಣೆಯ ಮೇರೆಗೆ ರಿಸೀವರು ಕೊಡಬಹುದು. ಇದನ್ನು ಕೇಳಿ ಪಡೆಯಬೇಕು. ಕೇಳದೆ ಸುಮ್ಮನೆ ಕುಳಿತವರಿಗೆ ಅದು ತಾನಾಗಿ ಬಂದು ಬೀಳುವುದಿಲ್ಲ.

ರಿಸೀವರು ಮುಟ್ಟಲಾಗದ ವಸ್ತುಗಳೂ ಇವೆ. ಉಡುವ ಬಟ್ಟೆ, ಅಡಿಗೆ ಪಾತ್ರೆ, ಹಾಸಿಗೆ, ಕಸುಬುದಾರನ ಹತಾರ, ರೈತನಾದರೆ ನೇಗಿಲು ಮೊದಲಾದ ಸಲಕರಣೆ, ಬಿತ್ತನೆ ಬೀಜ, ಜೀವನಕ್ಕೆ ಬೇಕೆಂದು ಕೋರ್ಟು ಒಪ್ಪುವಷ್ಟು ದನ, ಅವನು ವಾಸವಿರುವ ಮನೆ. ಕೂಲಿಯವನ ಕೂಲಿಯನ್ನೂ ಜಪ್ತಿ ಮಾಡುವಂತಿಲ್ಲ. ಎಂದರೆ ಕೊಟ್ಟಿಗೆಯ ಹಸುವಿಗೆ ರಕ್ಷಣೆ ಉಂಟು. ಹಸು ಕರೆದ ಹಾಲಿನ ಬಟವಾಡೆ ಖಾತೆಗೆ ಬಿದ್ದ ಮೇಲೆ ಅದಕ್ಕೆ ಅಷ್ಟೇ ರಕ್ಷಣೆ ಇದೆ ಎಂದು ತಿಳಿಯಬಾರದು.

ಕಾಯ್ದೆಯ ಮೊತ್ತಗಳನ್ನು ನೋಡಿದರೆ ನಗು ಬರುತ್ತದೆ. ಸಾಲಗಾರ ಅರ್ಜಿ ಕೊಡಲು ಸಾಲ 500 ರೂಪಾಯಿ ಆಗಿದ್ದರೆ ಸಾಕು. ಬಿಡುಗಡೆಯಾಗದ ದಿವಾಳಿದಾರನು ತಾನು ದಿವಾಳಿ ಎಂದು ತಿಳಿಸದೆ 50 ರೂಪಾಯಿ ಅಥವಾ ಹೆಚ್ಚು ಉದ್ದರಿ ತಂದರೆ ಆರು ತಿಂಗಳವರೆಗೆ ಶಿಕ್ಷೆ. 1920ರಲ್ಲಿ 50 ರೂಪಾಯಿ ದೊಡ್ಡ ದುಡ್ಡು. ಈಗ ಒಂದು ಲೀಟರ್ ಹಾಲಿನ ಬೆಲೆ ಅದರ ಆಸುಪಾಸಿನಲ್ಲಿದೆ. ಅಂಕಿ ನಗು ತರಿಸಿದರೂ ಶಿಕ್ಷೆ ನಗುವಂಥದ್ದಲ್ಲ. ಚೆಕ್ಕು ಕೊಟ್ಟು ಗೊಬ್ಬರ ತರುವವನು, ಓವರ್‌ಡ್ರಾಫ್ಟು ಕೇಳುವವನು ಇದನ್ನು ನೆನಪಿಡಬೇಕು.

ಬಾಮೈದನ ಹೆಸರಿಗೆ ಹಣ ದಾಟಿಸುವ ಜಾಣತನಕ್ಕೂ ಕಾಯ್ದೆ ಅಂದೇ ಕಣ್ಣಿಟ್ಟಿತ್ತು. ಬೆಲೆ ಪಡೆಯದೆ ಬಿಟ್ಟುಕೊಟ್ಟ ಆಸ್ತಿಯನ್ನು, ಕೊಟ್ಟ ಎರಡು ವರ್ಷದೊಳಗೆ ಬಿದ್ದ ಅರ್ಜಿಯ ಮೇಲೆ ದಿವಾಳಿ ಘೋಷಣೆಯಾದರೆ, ಕೋರ್ಟು ರದ್ದು ಮಾಡಬಹುದು. ಎಲ್ಲ ಸಾಲಗಾರರನ್ನೂ ಬಿಟ್ಟು ಒಬ್ಬನಿಗೆ ಮಾತ್ರ ಒಳಗಿಂದೊಳಗೆ ತೀರಿಸಿ, ಮೂರು ತಿಂಗಳೊಳಗೆ ಅರ್ಜಿ ಬಿದ್ದರೆ ಅದನ್ನೂ ಕೆದಕಬಹುದು. ಲೆಕ್ಕದ ಪುಸ್ತಕ ಬಚ್ಚಿಟ್ಟರೆ ಶಿಕ್ಷೆ. ಪಾಸ್ ಬುಕ್ಕನ್ನೂ ಹಾಜರು ಮಾಡಲೇಬೇಕು.

ಆದರೆ ನಮ್ಮ ಸೀಮೆಯಲ್ಲಿ ನಿಜವಾಗಿ ಐ.ಪಿ. ಹಾಕಿ ಕೋರ್ಟಿನಿಂದ ದಿವಾಳಿ ಎನಿಸಿಕೊಂಡವರಿಗಿಂತ, ಕೋರ್ಟಿನ ಮೆಟ್ಟಿಲು ಹತ್ತದೆಯೇ ಮುಳುಗಿದವರು ಹೆಚ್ಚು. ಸಾವಿರ ಅಡಿ ಕೊರೆದರೂ ನೀರು ಬಾರದ ಬೋರು, ಕೋಲಾರದ ಮಾರುಕಟ್ಟೆಯಲ್ಲಿ ಬಾಕ್ಸಿಗೆ ಬಾಡಿಗೆಯೂ ಹುಟ್ಟದ ಟೊಮೇಟೊ, ಓಡಿಹೋದ ಚೀಟಿಯವನು, ಇಷ್ಟಾದರೆ ಸಾಕು. ಇಂಥವರಿಗೆ 1920ರ ಕಾಯ್ದೆ ಅಡ್ಡ ಬರುವುದೇ ಇಲ್ಲ. ಇವರ ಖಾತೆಗೆ ಅಡ್ಡ ಬಂದದ್ದು ಎರಡು: ಒಂದು ಕಾಲದಲ್ಲಿ ಪರಿಚಯದ ಸಹಿ, ಈಗ ಬ್ಯಾಂಕಿನ ವಜಾ.

ಪರಿಚಯದ ಸಹಿಯ ಕಥೆ ಹಿರಿಯರಿಗೆ ಗೊತ್ತು. ಮೈಸೂರು ಬ್ಯಾಂಕ್ 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಹುಟ್ಟಿದರೂ ಹಳ್ಳಿಗೆ ಬ್ಯಾಂಕು ಎಂಬುದು ಬಂದದ್ದು 1969ರ ರಾಷ್ಟ್ರೀಕರಣದ ನಂತರ, ಗ್ರಾಮೀಣ ಬ್ಯಾಂಕುಗಳು 1975ರಿಂದೀಚೆಗೆ. ಖಾತೆ ತೆರೆಯಲು ಆಗಲೇ ಖಾತೆ ಇರುವ ಒಬ್ಬರು ಸಹಿ ಹಾಕಬೇಕಿತ್ತು. ಸಾಲದಲ್ಲಿ ಮುಳುಗಿದವನಿಗೆ ಊರಲ್ಲಿ ಯಾರು ಸಹಿ ಹಾಕುತ್ತಾರೆ? "ನಾಳೆ ನನ್ನ ತಲೇಗೆ ಬಂದ್ರೆ?" ಎಂದು ಜಾರಿಕೊಳ್ಳುವವರೇ ಎಲ್ಲ. ಕಾನೂನು ಹಾಕದ ಬಾಗಿಲನ್ನು ಊರೇ ಹಾಕುತ್ತಿತ್ತು. 2005ರಲ್ಲಿ ರಿಸರ್ವ್ ಬ್ಯಾಂಕು ಕನಿಷ್ಠ ಬಾಕಿ ಇಲ್ಲದ, ಇಲ್ಲವೇ ತೀರ ಕಡಿಮೆ ಬಾಕಿಯ ಸರಳ ಖಾತೆಗಳನ್ನು ಕೊಡಲು ಹೇಳಿತು. 2012ರಲ್ಲಿ ಅದನ್ನು ಮೂಲ ಉಳಿತಾಯ ಖಾತೆ ಎಂದು ಮಾಡಿತು. 2014ರ ಆಗಸ್ಟ್ 28ರಿಂದ ಜನಧನ್ ಬಂತು. ಇವುಗಳಲ್ಲಿ ಶೂನ್ಯ ಬಾಕಿಯಿದ್ದರೂ ಖಾತೆ ಉಳಿಯುತ್ತದೆ. ಗುರುತಿನ ದಾಖಲೆ ಸಾಕು, ಸಹಿಗೆ ಯಾರ ಮನೆ ಬಾಗಿಲನ್ನೂ ಕಾಯಬೇಕಾಗಿಲ್ಲ.

ವಜಾ ಎಂಬುದು ಹೀಗೆ: ಒಂದು ಬ್ಯಾಂಕಿನಲ್ಲಿ ಸಾಲ ಬಾಕಿಯಿದ್ದು, ಅದೇ ಬ್ಯಾಂಕಿನ ಉಳಿತಾಯ ಖಾತೆಗೆ ಹಣ ಬಂದರೆ, ಬ್ಯಾಂಕು ಅದನ್ನು ಸಾಲಕ್ಕೆ ಹಾಕಿಕೊಳ್ಳಬಹುದು. ಬ್ಯಾಂಕಿನವರ ಈ ಹಕ್ಕಿಗೆ 1872ರ ಕರಾರು ಕಾಯ್ದೆಯ ಬೆಂಬಲವೂ ಇದೆ. ಬರಪರಿಹಾರದ ಹಣವನ್ನೂ ಹೀಗೆ ಮುರಿದುಕೊಂಡ ದೂರುಗಳು ಬಂದು, 2024ರಲ್ಲಿ ರಾಜ್ಯ ಸರ್ಕಾರ ಹಾಗೆ ಮಾಡಕೂಡದೆಂದು ಬ್ಯಾಂಕುಗಳಿಗೆ ಸೂಚಿಸಬೇಕಾಯಿತು. ಆದ್ದರಿಂದ ಸಾಲ ಒಂದು ಬ್ಯಾಂಕಿನಲ್ಲಿದ್ದರೆ ಹಾಲಿನ ಹಣ, ಕೂಲಿ ಹಣ ಬೀಳುವ ಖಾತೆಯನ್ನು ಇನ್ನೊಂದು ಬ್ಯಾಂಕಿನಲ್ಲಿ ಇಡುವುದರಲ್ಲಿ ಕಳ್ಳತನವೇನೂ ಇಲ್ಲ. ಐ.ಪಿ. ಹಾಕಿದವನು ಮಾತ್ರ ಆ ಖಾತೆಯನ್ನೂ ಕೋರ್ಟಿಗೆ ತಿಳಿಸಬೇಕು.

ಜೈಲಿನ ಭಯಕ್ಕೆ ಸಂಬಂಧಿಸಿ ಒಂದು ತೀರ್ಪನ್ನು ಎಲ್ಲರೂ ತಿಳಿದಿರಬೇಕು. ಜಾಲಿ ಜಾರ್ಜ್ ವರ್ಗೀಸ್ ಎಂಬುವರಿಗೂ ಬ್ಯಾಂಕ್ ಆಫ್ ಕೊಚ್ಚಿನ್‌ಗೂ ನಡೆದ ಮೊಕದ್ದಮೆಯಲ್ಲಿ 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಕೊಡುವ ಶಕ್ತಿಯಿದ್ದೂ ದುರುದ್ದೇಶದಿಂದ ಕೊಡದವನನ್ನು ಬಿಟ್ಟರೆ, ಬರಿಯ ಬಡತನಕ್ಕಾಗಿ ಸಾಲಗಾರನನ್ನು ಜೈಲಿಗೆ ಹಾಕುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದರು.

2016ರಲ್ಲಿ ಹೊಸ ದಿವಾಳಿ ಸಂಹಿತೆ ಬಂತು. ವರ್ಷದ ಆದಾಯ 60 ಸಾವಿರ, ಆಸ್ತಿ 20 ಸಾವಿರ, ಸಾಲ 35 ಸಾವಿರ ಮೀರದ, ಸ್ವಂತ ಮನೆಯೂ ಇಲ್ಲದ ಬಡವನಿಗೆ ಸಾಲ ತೊಡೆದು ಹೊಸದಾಗಿ ಬದುಕು ಶುರುಮಾಡಿಸುವ ಏರ್ಪಾಡು ಅದರಲ್ಲಿದೆ. ಇದೆ ಎಂದರೆ ಕಾಗದದ ಮೇಲಿದೆ. ಕಂಪನಿಗಳಿಗೆ, ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಸಂಹಿತೆ ಜಾರಿಯಾಗಿದೆ. ಸಾಮಾನ್ಯ ಮನುಷ್ಯನಿಗೆ ಸಂಬಂಧಿಸಿದ ಭಾಗ ಜಾರಿಯಾಗಿಲ್ಲ. ಕೋಟಿಗಟ್ಟಲೆ ಮುಳುಗಿಸಿದವನಿಗೆ ಹೊಸ ಕಾನೂನು, 35 ಸಾವಿರದವನಿಗೆ ನೂರು ವರ್ಷ ಹಳೆಯದು. ಇದು ಯಾವ ನ್ಯಾಯವೋ ನಾ ಕಾಣೆ.

ಕಡೆಯದಾಗಿ ನಮ್ಮ ಮನೆಯ ಮಾತು, ಅಂದರೆ ಸೊಸೈಟಿಯ ಮಾತು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ 1905ರಲ್ಲೇ ಮೈಸೂರು ಸಂಸ್ಥಾನವೂ ಸಹಕಾರ ಕಾನೂನು ತಂದಿತು. ಸಹಕಾರ ಕಾನೂನು ಮಾಡಿದವರು ದಿವಾಳಿಯಾಗುವ ಸದಸ್ಯನನ್ನು ಮರೆತಿರಲಿಲ್ಲ. ಸದಸ್ಯನ ಷೇರನ್ನು ಹೊರಗಿನ ಯಾವ ಸಾಲಗಾರನೂ ಜಪ್ತಿ ಮಾಡಿಸುವಂತಿಲ್ಲ, ದಿವಾಳಿ ರಿಸೀವರಿಗೂ ಅದರ ಮೇಲೆ ಹಕ್ಕಿಲ್ಲ ಎಂದು 1912ರ ಕೇಂದ್ರ ಕಾಯ್ದೆಯಲ್ಲೇ ಬರೆದರು. ನಮ್ಮ 1959ರ ಕರ್ನಾಟಕ ಕಾಯ್ದೆಯಲ್ಲೂ ಅದೇ ತತ್ವ ಉಳಿದಿದೆ. ಮನೆ, ಹೊಲದ ಮೇಲೆ ಯಾರು ಕೈಯಿಟ್ಟರೂ ಸೊಸೈಟಿಯ ಷೇರಿನ ಮೇಲೆ ಇಡಲಾಗದು. ಆದರೆ ಈ ರಕ್ಷಣೆ ಷೇರಿಗೆ, ಸಂಘದಲ್ಲಿಟ್ಟ ಠೇವಣಿಗಲ್ಲ. ಇನ್ನು ಸದಸ್ಯ ಸಂಘಕ್ಕೇ ಸಾಲ ಕೊಡಬೇಕಿದ್ದರೆ ಷೇರು, ಠೇವಣಿ ಎರಡರ ಮೇಲೂ ಸಂಘದ ಹಿಡಿತವಿರುತ್ತದೆ.

ಅದೇ 1959ರ ಕಾಯ್ದೆಯ 17ನೇ ಕಲಮು ಮಾತ್ರ ಬಿರುಸು. ದಿವಾಳಿ ಎಂದು ಘೋಷಿಸಿ ಎಂದು ಅರ್ಜಿ ಕೊಟ್ಟವನು ಸದಸ್ಯನಾಗುವಂತಿಲ್ಲ, ಈಗಾಗಲೇ ಸದಸ್ಯನಾಗಿದ್ದರೆ ಆ ದಿನದಿಂದಲೇ ಸದಸ್ಯತ್ವ ಹೋಯಿತು. ಕೋರ್ಟು ಇನ್ನೂ ತೀರ್ಮಾನ ಹೇಳಿರಬೇಕಾಗಿಲ್ಲ, ಅರ್ಜಿ ಕೊಟ್ಟದ್ದೇ ಸಾಕು. ಸಾಹುಕಾರನ ಕಾಟಕ್ಕೆ ಹೆದರಿ, ಯಾರನ್ನೂ ಕೇಳದೆ ಕೋಲಾರಕ್ಕೆ ಹೋಗಿ ಐ.ಪಿ. ಹಾಕಿ ಬಂದವನು, ಬಿತ್ತನೆ ಸಾಲಕ್ಕೆ ಸೊಸೈಟಿಗೆ ಬಂದಾಗಲೇ ಇದು ಅವನಿಗೆ ತಿಳಿಯುವುದು. ಆದ್ದರಿಂದ ಅರ್ಜಿಗೆ ಸಹಿ ಹಾಕುವ ಮುಂಚೆ ನಮ್ಮ ಕಾರ್ಯದರ್ಶಿಗಳ ಹತ್ತಿರ ಒಂದು ಮಾತು ಕೇಳಿ. ಹಾಕಿಯಾಗಿದ್ದರೆ, ಕೋರ್ಟು ಗೊತ್ತುಪಡಿಸಿದ ಅವಧಿಯೊಳಗೆ ಬಿಡುಗಡೆಗೆ ಅರ್ಜಿ ಕೊಡುವುದನ್ನು ಮರೆಯಬೇಡಿ. ಎಷ್ಟೋ ಜನ ಘೋಷಣೆಯಾಯಿತೆಂದು ನಿರಾಳವಾಗಿ ಕೂರುತ್ತಾರೆ, ಆಗ ಕೋರ್ಟು ಘೋಷಣೆಯನ್ನೇ ರದ್ದು ಮಾಡಿ ಹಳೆಯ ಸಾಲಗಳೆಲ್ಲ ಮತ್ತೆ ಬಾಗಿಲಿಗೆ ಬರುತ್ತವೆ. ಬಿಡುಗಡೆ ಆದೇಶ ಸಿಕ್ಕಿದ ಮೇಲೆ, ಸರ್ಕಾರದ ಬಾಕಿ, ಮೋಸದ ಬಾಕಿ ಮುಂತಾದ ಕೆಲವನ್ನು ಬಿಟ್ಟು, ಹಳೆಯ ಸಾಲಗಳು ತೊಡೆದುಹೋಗುತ್ತವೆ, 17ನೇ ಕಲಮಿನ ಈ ಅಡ್ಡಿಯೂ ನೀಗುತ್ತದೆ. ಆದೇಶದ ನಕಲನ್ನು ಲಗತ್ತಿಸಿ ಸದಸ್ಯತ್ವಕ್ಕೆ ಹೊಸದಾಗಿ ಅರ್ಜಿ ಹಾಕಬಹುದು.