ನೀಹಾರಿಕೆಗಳ ನೆಲೆ ಎಲ್ಲಿ? ದೂರ ಎಷ್ಟು?

ಬಿ.ಜಿ. ಕೆರೆ (ಮೊಳಕಾಲ್ಮೂರು ತಾಲ್ಲೂಕು): ಚಳ್ಳಕೆರೆಯಿಂದ ಬಳ್ಳಾರಿಗೆ ಸಾಗುವ ಹೆದ್ದಾರಿಯಲ್ಲಿ ಸಿಗುವ ಈ ಊರಿನ ಬೀದಿದೀಪಗಳನ್ನು ದಾಟಿ ಹೊಲಗಳತ್ತ ನಡೆದರೆ, ಫೆಬ್ರುವರಿಯ ಚಂದ್ರನಿಲ್ಲದ ರಾತ್ರಿಗಳಲ್ಲಿ ಮಹಾವ್ಯಾಧ ನಕ್ಷತ್ರಪುಂಜವು ನೆತ್ತಿಯ ಸಮೀಪದಲ್ಲೇ ಇರುತ್ತದೆ. ವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳಿಂದ ತುಸು ದಕ್ಷಿಣಕ್ಕೆ, ಖಡ್ಗದ ನಡುವೆ, ಮಸುಕಾದ ಚುಕ್ಕೆಯೊಂದು ಕಾಣುತ್ತದೆ. ಅದು ಒಂಟಿ ನಕ್ಷತ್ರವಲ್ಲ, ನೀಹಾರಿಕೆ. ಅನಿಲ ಹಾಗೂ ಧೂಳಿನ ಆ ಮೋಡದೊಳಗೆ ಹೊಸ ನಕ್ಷತ್ರಗಳು ರೂಪುಗೊಳ್ಳುತ್ತಿವೆ.

ಇಲ್ಲಿನ ರೈತರಿಗೆ ಮೃಗಶಿರಾ, ಆರಿದ್ರಾ ಎಂದರೆ ಮಳೆಯ ಹೆಸರುಗಳು. ಎರಡೂ ಇದೇ ಮಹಾವ್ಯಾಧ ಪುಂಜಕ್ಕೆ ಸೇರಿದ ನಕ್ಷತ್ರಗಳು. ಆದರೆ ಮೃಗಶಿರಾ ಮಳೆಯ ದಿನಗಳಲ್ಲಿ ಸೂರ್ಯನೇ ಆ ದಿಕ್ಕಿನಲ್ಲಿರುವುದರಿಂದ ಅವು ಕಣ್ಣಿಗೆ ಬೀಳುವುದಿಲ್ಲ. ಮಳೆಯ ಹೆಸರು ಬಲ್ಲವರೆಲ್ಲ ನಕ್ಷತ್ರವನ್ನು ಕಂಡಿರಬೇಕೆಂದೇನಿಲ್ಲ.

ನಮ್ಮ ಆಕಾಶಗಂಗೆಯು ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷಗಳಷ್ಟು ಅಗಲವಾದ ತಟ್ಟೆ. ಸೂರ್ಯನು ಅದರ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ನಕ್ಷತ್ರಗಳಿಗೆ ಜನ್ಮ ನೀಡುವ ಅನಿಲವು ತಟ್ಟೆಯ ನಡುಪದರದಲ್ಲಿ, ಕೆಲವೇ ನೂರು ಜ್ಯೋತಿರ್ವರ್ಷಗಳ ದಪ್ಪದಲ್ಲಿ, ಮುಖ್ಯವಾಗಿ ಸುರುಳಿ ತೋಳುಗಳ ಉದ್ದಕ್ಕೂ ಹರಡಿಕೊಂಡಿದೆ. ಆದ್ದರಿಂದಲೇ ಇಂತಹ ನೀಹಾರಿಕೆಗಳು ಬಹುಪಾಲು ಆಗಸದ ಹಾಲುಹಾದಿಯ ಆಸುಪಾಸಿನಲ್ಲೇ ಕಾಣಸಿಗುತ್ತವೆ.

ಮಹಾವ್ಯಾಧ ನೀಹಾರಿಕೆಯು ನಾವಿರುವ ತೋಳಿನದೇ. ದೂರ ಸುಮಾರು 1,300 ಜ್ಯೋತಿರ್ವರ್ಷ. ಬಾದಾಮಿ ಚಾಲುಕ್ಯರ ಕಾಲದಲ್ಲಿ ಹೊರಟ ಬೆಳಕು ಈಗ ತಲುಪುತ್ತಿದೆ. ಧನು ರಾಶಿಯ ಲಗೂನ್ ನೀಹಾರಿಕೆಯು ಕೇಂದ್ರದ ದಿಕ್ಕಿನ ಒಳತೋಳಿನಲ್ಲಿದ್ದು, ನಾಲ್ಕು ಸಾವಿರ ಜ್ಯೋತಿರ್ವರ್ಷಗಳಷ್ಟು ದೂರವಿದೆ. ಹಬಲ್ ದೂರದರ್ಶಕದ ಚಿತ್ರದಿಂದ ಪ್ರಸಿದ್ಧವಾದ ಈಗಲ್ ನೀಹಾರಿಕೆ ಸುಮಾರು 6,500 ಜ್ಯೋತಿರ್ವರ್ಷ ದೂರದ್ದು.

ಸಾಯುವ ನಕ್ಷತ್ರಗಳು ಉಗುಳಿದ ನೀಹಾರಿಕೆಗಳ ಕಥೆ ಬೇರೆ. ವೃಷಭ ರಾಶಿಯ ಏಡಿ ನೀಹಾರಿಕೆಯು 1054ರಲ್ಲಿ ಚೀನೀಯರು ಕಂಡು ದಾಖಲಿಸಿದ ಸ್ಫೋಟದ ಶೇಷ. ಅದರ ದೂರವೂ ಸುಮಾರು 6,500 ಜ್ಯೋತಿರ್ವರ್ಷ. ವೀಣಾ ಪುಂಜದ ಉಂಗುರ ನೀಹಾರಿಕೆ ಸುಮಾರು 2,500 ಜ್ಯೋತಿರ್ವರ್ಷ ದೂರವಿದೆ. ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಕೆತ್ತುವ ವೇಳೆಗೆ ಆ ಬೆಳಕು ಹೊರಟಾಗಿತ್ತು.

ಈ ಅಂಕಿಗಳನ್ನು ಅಳೆದದ್ದಾದರೂ ಹೇಗೆ? ಮೋಡಕ್ಕೆ ಖಚಿತ ಅಂಚಿಲ್ಲ. ಹೀಗಾಗಿ ಅದರೊಳಗಿನ ನಕ್ಷತ್ರಗಳನ್ನು ಹಿಡಿಯಬೇಕು. ಭೂಮಿಯು ಆರು ತಿಂಗಳಲ್ಲಿ ಸೂರ್ಯನ ಇನ್ನೊಂದು ಬದಿಗೆ, ಸುಮಾರು 30 ಕೋಟಿ ಕಿಲೋಮೀಟರ್ ಆಚೆ, ತಲುಪುತ್ತದೆ. ಆಗ ಹತ್ತಿರದ ನಕ್ಷತ್ರವು ಹಿನ್ನೆಲೆಗೆ ಹೋಲಿಸಿದರೆ ಕೊಂಚ ಸರಿದಂತೆ ಕಾಣುತ್ತದೆ. ಮಹಾವ್ಯಾಧ ನೀಹಾರಿಕೆಯ ನಕ್ಷತ್ರಗಳ ವಿಷಯದಲ್ಲಿ ಈ ಸರಿತವು ಒಂದು ಡಿಗ್ರಿಯನ್ನು ಏಳೂವರೆ ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಮಾತ್ರ.

2007ರಲ್ಲಿ ಅಮೆರಿಕದ ರೇಡಿಯೊ ದೂರದರ್ಶಕಗಳ ಜಾಲವು ಇದನ್ನು ನಿಖರವಾಗಿ ಅಳೆಯುವವರೆಗೆ ಆ ನೀಹಾರಿಕೆಯ ದೂರವನ್ನು 1,500 ಜ್ಯೋತಿರ್ವರ್ಷಕ್ಕೂ ಮಿಗಿಲೆಂದು ಎಣಿಸುವುದು ವಾಡಿಕೆಯಾಗಿತ್ತು. ವ್ಯತ್ಯಾಸ ಸಣ್ಣದೆನ್ನಿಸಬಹುದು. ಆದರೆ ದೂರ ತಗ್ಗಿದರೆ ನಕ್ಷತ್ರಗಳ ನೈಜ ಪ್ರಕಾಶದ ಲೆಕ್ಕ ಸುಮಾರು ಕಾಲುಭಾಗ ಇಳಿಯುತ್ತದೆ. ಅಲ್ಲಿನ ಎಳೆಯ ನಕ್ಷತ್ರಗಳ ವಯಸ್ಸಿನ ಲೆಕ್ಕ ಏರುತ್ತದೆ. ಇದಕ್ಕಿಂತ ದೊಡ್ಡ ತಿದ್ದುಪಡಿ ಕುಂತಿ ಪುಂಜದ ದಿಕ್ಕಿನ, ಹೊರತೋಳಿನ ಡಬ್ಲ್ಯು3 ಪ್ರದೇಶದ್ದು. ಅನಿಲದ ವೇಗವನ್ನು ಆಧರಿಸಿದ ಲೆಕ್ಕ ಸುಮಾರು 14,000 ಜ್ಯೋತಿರ್ವರ್ಷ ಎನ್ನುತ್ತಿತ್ತು. 2006ರ ನೇರ ಅಳತೆಯಲ್ಲಿ ಅದು ಅರ್ಧಕ್ಕೂ ಕಡಿಮೆ, ಸುಮಾರು 6,400 ಎಂದು ತಿಳಿಯಿತು. ವೇಗದಿಂದ ದೂರ ಊಹಿಸುವ ವಿಧಾನವನ್ನು ಕಣ್ಣುಮುಚ್ಚಿ ನಂಬಲಾಗದು.

ಈ ಶೋಧದಲ್ಲಿ ಕರ್ನಾಟಕದ ಪಾಲೂ ಇದೆ. ಗೌರಿಬಿದನೂರು ಬಳಿ ಭಾರತೀಯ ಖಭೌತ ಸಂಸ್ಥೆ ಹಾಗೂ ರಾಮನ್ ಸಂಶೋಧನಾ ಸಂಸ್ಥೆ ಜಂಟಿಯಾಗಿ ನಿರ್ಮಿಸಿದ ರೇಡಿಯೊ ದೂರದರ್ಶಕವು 34.5 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಆಗಸವನ್ನು ಗಮನಿಸಿತು. ಅದರ ನಕ್ಷೆ 1990ರಲ್ಲಿ ಪ್ರಕಟವಾಯಿತು. ಈ ಕಂಪನಾಂಕದಲ್ಲಿ ಬಿಸಿ ಅನಿಲದ ನೀಹಾರಿಕೆಗಳು ಹೊಳೆಯುವುದಿಲ್ಲ. ಹಿಂದಿನಿಂದ ಬರುವ ರೇಡಿಯೊ ಅಲೆಗಳನ್ನು ಹೀರಿಕೊಂಡು ಕಪ್ಪಾಗಿ ತೋರುತ್ತವೆ. ಉಳಿದು ಕಾಣುವ ಪ್ರಭೆ ಮೋಡದ ಈಚೆಯದು. ಯಾವುದು ಮುಂದೆ, ಯಾವುದು ಹಿಂದೆ ಎಂಬುದಕ್ಕೆ ಇದೊಂದು ಸುಳಿವು.

ಯುರೋಪಿನ ಗಯಾ ಉಪಗ್ರಹವು 2014ರಿಂದ 2025ರವರೆಗೆ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳನ್ನು ಅಳೆದ ಬಳಿಕ ಚಿತ್ರ ಮತ್ತಷ್ಟು ಸ್ಪಷ್ಟವಾಗಿದೆ. ಅದರ ಮಾಹಿತಿ ಬಳಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮಹಾವ್ಯಾಧದ ಮೋಡಗಳು ಸುಮಾರು 9,000 ಜ್ಯೋತಿರ್ವರ್ಷ ಉದ್ದದ ಅಲೆಯೊಂದರ ಭಾಗ. ಅದು ತಟ್ಟೆಯ ನಡುಪದರದಿಂದ ಸುಮಾರು 500 ಜ್ಯೋತಿರ್ವರ್ಷ ಮೇಲಕ್ಕೂ ಕೆಳಕ್ಕೂ ಏರಿಳಿಯುತ್ತದೆ. ಈ ಅಲೆಗೆ ರ‍್ಯಾಡ್‌ಕ್ಲಿಫ್ ಅಲೆ ಎಂದು ಹೆಸರು.

ಹಳೆಯ ಪುಸ್ತಕಗಳ ‘ಆಂಡ್ರೊಮಿಡಾ ನೀಹಾರಿಕೆ’ಯನ್ನು ಮಾತ್ರ ಈ ಪಟ್ಟಿಗೆ ಸೇರಿಸಬಾರದು. ಅದು 25 ಲಕ್ಷ ಜ್ಯೋತಿರ್ವರ್ಷ ಆಚೆಯಿದೆ. ಅದು ಬೇರೊಂದು ಗೆಲಾಕ್ಸಿ ಎಂಬುದು 1920ರ ದಶಕದಲ್ಲಿ ಎಡ್ವಿನ್ ಹಬಲ್‌ರ ಅಳತೆಯಿಂದ ಸಿದ್ಧವಾಯಿತು.

ಪ್ಯಾರಿಸ್‌ನಲ್ಲಿ ಕುಳಿತು ನೀಹಾರಿಕೆಗಳ ಪಟ್ಟಿ ಮಾಡಿದ ಮೆಸ್ಸಿಯೆಗೆ ಕಾಣದ ಒಂದು ನೀಹಾರಿಕೆ ಬಿ.ಜಿ. ಕೆರೆಗೆ ಕಾಣುತ್ತದೆ. ಅಗಸ್ತ್ಯ ನಕ್ಷತ್ರವಿರುವ ಪುಂಜದ ಕರೀನಾ ನೀಹಾರಿಕೆಯ ದೂರ 7,500 ಜ್ಯೋತಿರ್ವರ್ಷಕ್ಕೂ ಹೆಚ್ಚು. ಏಪ್ರಿಲ್ ಉತ್ತರಾರ್ಧದಲ್ಲಿ ರಾತ್ರಿ ಒಂಬತ್ತರ ವೇಳೆಗೆ ಅದು ದಕ್ಷಿಣ ದಿಗಂತದಿಂದ ಸುಮಾರು 16 ಡಿಗ್ರಿ ಮೇಲಿರುತ್ತದೆ. ಅಷ್ಟು ಕೆಳಗಿರುವ ಕಾರಣ ದಕ್ಷಿಣದಲ್ಲಿ ಗುಡ್ಡವಾಗಲಿ, ಪ್ರಖರ ದೀಪಗಳಾಗಲಿ ಇಲ್ಲದ ಜಾಗವನ್ನು ಆರಿಸಿಕೊಳ್ಳಬೇಕು. ಬೈನಾಕ್ಯುಲರ್ ಇದ್ದರೆ ಉತ್ತಮ.