ಕಳ್ಳನ ಕೈಗೆ ಕತ್ತಿ ಬಂದ ಬಗೆ

ಇಂದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಲು ಕೂತವರು ನೆರಳಿನಲ್ಲಿ ಸುಳಿಯುವ ‘ರೋಗ್’ ಎಂಬ ಕಳ್ಳನ ಪಾತ್ರವನ್ನು ಕಟ್ಟಿಕೊಳ್ಳುವಾಗ ಅವರ ಲೆಕ್ಕಾಚಾರವೆಲ್ಲ ಹೆಚ್ಚಾಗಿ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ಹೊಂಚಿ ಹೊಡೆಯುವ ಏಟಿಗೆ ಎಷ್ಟು ದಾಳ? ಆದರೆ ಈ ಪಾತ್ರ ಹುಟ್ಟಿದ್ದು ಹೊಡೆಯುವುದಕ್ಕಲ್ಲ, ಹೊಡೆದಾಟವೇ ನಡೆಯದಂತೆ ಒಳಹೊಕ್ಕು ಹೊರಬರುವುದಕ್ಕೆ. ಹಾಗೆ ಹುಟ್ಟಿದವನು ಐವತ್ತು ವರ್ಷಗಳಲ್ಲಿ ಹೇಗೆ ಯೋಧನಾಗಿಬಿಟ್ಟ? ಈಗಿನ ಆಟಗಾರರಿಗೆ ತಾಳ್ಮೆಯಿಲ್ಲ, ರಕ್ತಪಾತವೇ ರುಚಿ ಎಂದು ದೂರುವವರಿದ್ದಾರೆ. ದೂರು ಸರಿಯಲ್ಲವೆಂದೇ ನನ್ನ ಎಣಿಕೆ. ಬದಲಾದದ್ದು ಆಟಗಾರರ ಮನಸ್ಸಿಗಿಂತ ಮೊದಲು ಆಟದ ಕೂಲಿ. ಯಾವುದಕ್ಕೆ ಅನುಭವಾಂಕ, ಅಂದರೆ ಪಾತ್ರವನ್ನು ಮುಂದಿನ ಹಂತಕ್ಕೇರಿಸುವ ಅಂಕ, ಸಿಗುತ್ತದೋ ಅದನ್ನೇ ಪಾತ್ರಗಳು ಮಾಡುತ್ತವೆ, ಮತ್ತು ಆಟದ ಹಳೆಯ ಪುಸ್ತಕಗಳೇ ಇದಕ್ಕೆ ಸಾಕ್ಷಿ.

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಮೂರು ಪುಟ್ಟ ಪುಸ್ತಿಕೆಗಳಾಗಿ ಹೊರತಂದರು. ಒಬ್ಬರು ನೆಲಮಾಳಿಗೆಯ ನಕ್ಷೆಯನ್ನು ಮರೆಯಲ್ಲಿಟ್ಟುಕೊಂಡು ಕಥೆ ನಡೆಸಬೇಕು, ಉಳಿದವರು ತಲಾ ಒಂದು ಪಾತ್ರ ಹಿಡಿದು ಏನು ಮಾಡುತ್ತೇವೆಂದು ಹೇಳಬೇಕು, ಖಚಿತವಿಲ್ಲದ ಕಡೆ ದಾಳ ತೀರ್ಮಾನಿಸಬೇಕು. ಪಾತ್ರಗಳಲ್ಲಿ ಮೂರೇ ವರ್ಗ: ಯೋಧ, ಮಂತ್ರವಾದಿ, ಪುರೋಹಿತ. ಕಳ್ಳನಿಗೆ ಹೆಸರಿರಲಿಲ್ಲ, ಆದರೆ ಎಲ್ಲರೂ ಮಾಡುತ್ತಿದ್ದ ಕೆಲಸ ಕಳ್ಳನದೇ. ಏಕೆಂದರೆ ಹೊತ್ತು ತಂದ ಪ್ರತಿ ಚಿನ್ನದ ನಾಣ್ಯಕ್ಕೆ ಒಂದು ಅನುಭವಾಂಕ ಸಿಗುತ್ತಿತ್ತು. ಆ ಪುಸ್ತಿಕೆಯಲ್ಲೇ ಒಂದು ಉದಾಹರಣೆಯಿದೆ: ಟ್ರಾಲ್ ಎಂಬ ರಾಕ್ಷಸ ಕಾಯುತ್ತಿದ್ದ ನಿಧಿಗೆ 7,000 ಅಂಕ, ಆ ಟ್ರಾಲ್ ಅನ್ನು ಕೊಂದದ್ದಕ್ಕೆ 700. ಹತ್ತರಲ್ಲಿ ಒಂದು ಪಾಲಿನ ಆಸೆಗೆ ಜೀವ ಪಣಕ್ಕಿಡುವ ಬದಲು ಅದು ಮಲಗಿದಾಗ ಚೀಲ ತುಂಬಿಕೊಂಡು ಬರುವುದೇ ಜಾಣತನವೆಂದು ಯಾವ ಆಟಗಾರನಿಗಾದರೂ ಹೊಳೆಯುತ್ತದೆ.

ಕಳ್ಳನ ವರ್ಗ ಬಂದದ್ದೂ ಆಡುವವರ ಕಡೆಯಿಂದಲೇ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿದ್ದ ಏರೋ ಹಾಬೀಸ್ ಎಂಬ ಅಂಗಡಿಯ ಗ್ಯಾರಿ ಸ್ವಿಟ್ಜರ್, ತಮ್ಮಲ್ಲಿ ಆಡುವವರು ಇಂಥದೊಂದು ಪಾತ್ರವನ್ನು ಬಳಸುತ್ತಿದ್ದಾರೆಂದು ಗೈಗ್ಯಾಕ್ಸ್‌ಗೆ ಫೋನಿನಲ್ಲಿ ತಿಳಿಸಿದರು. ಗೈಗ್ಯಾಕ್ಸ್ ಅದನ್ನು ತಮ್ಮ ರೀತಿಯಲ್ಲಿ ಬರೆದು 1974ರ ಜೂನ್‌ನಲ್ಲಿ ಒಂದು ಆಟಗಾರರ ಪತ್ರಿಕೆಗೆ ಕೊಟ್ಟರು. 1975ರಲ್ಲಿ ರಾಬ್ ಕುಂಟ್ಜ್ ಜೊತೆ ತಂದ ‘ಗ್ರೇಹಾಕ್’ ಪುರವಣಿಯಲ್ಲಿ ಅದು ನೆಲೆಯಾಯಿತು. ಕಥೆಗಾರ ಜಾಕ್ ವ್ಯಾನ್ಸ್ ಸೃಷ್ಟಿಸಿದ ಠಕ್ಕ ಕ್ಯೂಗೆಲ್, ರಾಜರ್ ಝೆಲಾಜ್ನಿಯ ‘ಜ್ಯಾಕ್ ಆಫ್ ಶ್ಯಾಡೋಸ್’ ಕಾದಂಬರಿಯ ಕಳ್ಳ ತಮಗೆ ಮಾದರಿ ಎಂದು ಗೈಗ್ಯಾಕ್ಸ್ ಹೇಳಿಕೊಂಡಿದ್ದಾರೆ. ಈ ಕಳ್ಳನ ಆಯುಷ್ಯಕ್ಕೆ ನಾಲ್ಕು ಮುಖದ ದಾಳ, ಅವನನ್ನು ಹೊಡೆಯುವ ಕತ್ತಿಗೆ ಎಂಟು ಮುಖದ ದಾಳ. ಎದುರು ನಿಂತು ಹೋರಾಡಿದರೆ ಮೊದಲ ಏಟಿಗೇ ಸಾಯುವಂತೆ ರಚಿಸಿದ ಪಾತ್ರವಿದು. ಬಹಳ ಮಂದಿ ಗಮನಿಸದ ಸಂಗತಿಯೊಂದು ಇದೇ ಪುಸ್ತಕದಲ್ಲಿದೆ: ಕಳ್ಳನನ್ನು ತಂದ ಗ್ರೇಹಾಕ್ ಕೊಲ್ಲುವುದರ ಕೂಲಿಯನ್ನೂ ಕಡಿತ ಮಾಡಿತು. ಮೊದಲು 100 ಅಂಕ ತರುತ್ತಿದ್ದ ಸಾಧಾರಣ ಶತ್ರು ಈಗ ತಂದದ್ದು 10. ಕದಿಯುವವನ ಹುಟ್ಟು, ಕೊಲೆಯ ಬೆಲೆಯಿಳಿತ ಎರಡೂ ಒಂದೇ ಹೊತ್ತಿಗೆ ಆದವು.

ಸದ್ದಿಲ್ಲದ ಕೆಲಸ ಎಂದರೆ ಏನೆಂದು ತಿಳಿಯಲು ನಮಗೆ ದೂರ ಹೋಗಬೇಕಿಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕನೆಂಬ ಕಳ್ಳ ಜನಿವಾರವನ್ನೇ ಅಳತೆದಾರ ಮಾಡಿಕೊಂಡು ಗೋಡೆಗೆ ಕನ್ನ ಹಾಕುತ್ತಾನೆ, ಹುಳುವೊಂದನ್ನು ಬಿಟ್ಟು ದೀಪ ಆರಿಸುತ್ತಾನೆ, ಒಡವೆಯ ಗಂಟಿನೊಂದಿಗೆ ಹೊರಟುಹೋಗುತ್ತಾನೆ. ಯಾರಿಗೂ ಗೀರು ಗಾಯವಿಲ್ಲ. ಅವನ ವಿದ್ಯೆಯ ಗೆಲುವೆಂದರೆ ಅದೇ. ಅಮೆರಿಕದ ಆಟಕ್ಕೂ ಈ ನಾಟಕಕ್ಕೂ ನಂಟಿಲ್ಲ, ಆದರೆ 1975ರ ಕಳ್ಳನನ್ನು ಅಳೆಯಲು ಶರ್ವಿಲಕನೇ ಸರಿಯಾದ ಅಳತೆಗೋಲು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ಗ್ರೇಹಾಕ್‌ನ ಮೊದಲ ಹಂತದ ಕಳ್ಳನಿಗೆ ನೆರಳಿನಲ್ಲಿ ಅಡಗಲು ಶೇ. 10, ಸದ್ದಿಲ್ಲದೆ ನಡೆಯಲು ಶೇ. 20, ಬೀಗ ತೆಗೆಯಲು ಶೇ. 15 ಸಾಧ್ಯತೆ ಮಾತ್ರ. ಗೋಡೆ ಹತ್ತುವುದಕ್ಕೆ ಮಾತ್ರ ಶೇ. 87. ಹತ್ತು ಸಲದಲ್ಲಿ ಒಂಬತ್ತು ಸಲ ಸಿಕ್ಕಿಬೀಳುವವನು ಎಂಥ ಕಳ್ಳ? ಇದಕ್ಕಿಂತ ನೋವಿನ ಮಾತನ್ನು ಹಳಬರು ಆಡುತ್ತಾರೆ: ಮೊದಲು ಯಾರು ಬೇಕಾದರೂ ಉಪಾಯ ಹೇಳಿ ಮೆಲ್ಲಗೆ ನುಸುಳಬಹುದಿತ್ತು, ಅಂಕಿ ಬಂದ ಮೇಲೆ ಅದು ಒಬ್ಬನ ಹಕ್ಕಾಯಿತು. ಈ ನಷ್ಟ ನಿಜ, ಅದನ್ನು ಒಪ್ಪುತ್ತೇನೆ. ಆದರೆ ನಿಧಿಗೆ ಅಂಕ ಸಿಗುತ್ತಿದ್ದಷ್ಟು ಕಾಲ ಆ ದುರ್ಬಲ ಅಂಕಿಗಳ ನಡುವೆಯೂ ಕಳ್ಳನ ಗುರಿ ಕದಲಲಿಲ್ಲ. ಬೆನ್ನಿಗೆ ಇರಿದು ಇಮ್ಮಡಿ ಗಾಯ ಮಾಡುವ ಶಕ್ತಿ ಅವನಿಗೆ ಅಂದೂ ಇತ್ತು. ಆದರೆ ಅದಕ್ಕೆ ಶತ್ರುವಿನ ಅರಿವಿಗೆ ಬಾರದೆ ಹಿಂದಿನಿಂದ ಹೋಗಬೇಕಿತ್ತು. ಏಟು ಮರೆಯಾಟವನ್ನು ಅವಲಂಬಿಸಿತ್ತು.

ಸಡಿಲಿಕೆ ಶುರುವಾದದ್ದು 1989ರ ಎರಡನೆಯ ಆವೃತ್ತಿಯಲ್ಲಿ. ಇಂದು ನಾವು ಪಾತ್ರ ಕಟ್ಟುವುದು ಎನ್ನುವ ಕಲೆ ಕಳ್ಳನ ಮಟ್ಟಿಗೆ ಆಗ ಬಂತು: 60 ಅಂಕಗಳನ್ನು ಆಟಗಾರನೇ ಕೌಶಲಗಳಿಗೆ ಹಂಚಬೇಕು, ಒಂದಕ್ಕೆ 30 ಮೀರಬಾರದು. ಬಹಳ ಸೊಗಸಾದ ನಿಯಮ. ಆದರೆ ಅದೇ ಆವೃತ್ತಿ ನಿಧಿಗೆ ಅಂಕ ಕೊಡುವ ಪದ್ಧತಿಯನ್ನು ಇಷ್ಟವಿದ್ದರೆ ಬಳಸಿ ಎಂಬ ಸ್ಥಾನಕ್ಕೆ ಇಳಿಸಿತು. 2000ದ ಮೂರನೆಯ ಆವೃತ್ತಿ ಅದನ್ನು ಕೈಬಿಟ್ಟು ಎದುರಾಳಿಯ ಬಲಕ್ಕೆ ತಕ್ಕ ಅಂಕ ಕೊಟ್ಟಿತು, ‘ಥೀಫ್’ ಎಂಬ ಹೆಸರನ್ನು ‘ರೋಗ್’ ಎಂದು ಬದಲಿಸಿತು, ಹೊಂಚಿನ ಏಟಿನ ದಾಳಗಳು ಹಂತ ಏರಿದಂತೆ ಏರುವಂತೆ ಮಾಡಿತು. ಸಂಗಾತಿಯೊಬ್ಬ ಶತ್ರುವಿನ ಆಚೆ ಬದಿ ನಿಂತರೂ ಆ ಏಟು ಸಲ್ಲುತ್ತಿತ್ತು. 2014ರ ಐದನೆಯ ಆವೃತ್ತಿಯಲ್ಲಿ ಸಂಗಾತಿ ಶತ್ರುವಿನಿಂದ ಐದು ಅಡಿಯೊಳಗಿದ್ದರೂ ಸಾಕು. ಹಾಡಹಗಲಲ್ಲಿ ಎಲ್ಲರ ಕಣ್ಣೆದುರು ನಿಂತವನೂ ‘ಹೊಂಚಿ’ ಹೊಡೆಯಬಹುದು. ಹೆಸರಿನಲ್ಲಿ ಮರೆ ಉಳಿಯಿತು, ಕೆಲಸದಲ್ಲಿ ಹೋಯಿತು.

ಮೂರನೆಯ ಆವೃತ್ತಿಯ ನಿಯಮ ನುಸುಳಿ ದಾಟುವುದನ್ನೂ ಸವಾಲು ಗೆದ್ದಂತೆ ಎಣಿಸುತ್ತದಲ್ಲ ಎಂದು ಬಲ್ಲವರು ಕೇಳಬಹುದು. ಹೌದು. ಆದರೆ ಅದು ಕಥೆ ನಡೆಸುವವರ ವಿವೇಚನೆಗೆ ಬಿಟ್ಟ ಮಾತು. ಸತ್ತ ಶತ್ರುವಿನ ಅಂಕಕ್ಕೆ ಯಾರ ವಿವೇಚನೆಯೂ ಬೇಡ. ಖಚಿತವಾದ ಕೂಲಿಯ ಕಡೆಗೇ ಜನ ವಾಲುತ್ತಾರೆ. ಇನ್ನು ಜನರ ರುಚಿಯೇ ಬದಲಾಗಿತ್ತು ಎನ್ನುವುದಾದರೆ, 1998ರಲ್ಲಿ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ತಂದ ಕಂಪ್ಯೂಟರ್ ಆಟ ‘ಥೀಫ್’ ಅದಕ್ಕೆ ಉತ್ತರ. ಅಲ್ಲಿ ಗ್ಯಾರೆಟ್ ಎಂಬ ಕಳ್ಳ ಕದ್ದ ಮಾಲಿನ ಹಣದಿಂದಲೇ ಮುಂದಿನ ಕೆಲಸದ ಸಲಕರಣೆ ಕೊಳ್ಳುತ್ತಾನೆ. ಹುಲ್ಲಿನ ಮೇಲಿನ ಹೆಜ್ಜೆಗೂ ಕಲ್ಲುಹಾಸಿನ ಮೇಲಿನ ಹೆಜ್ಜೆಗೂ ಸದ್ದು ಬೇರೆ. ಆಟ ಕಠಿಣವಾದಷ್ಟೂ ಕದಿಯಬೇಕಾದ ಮೊತ್ತ ಏರುತ್ತದೆ, ಅತಿ ಕಠಿಣ ಹಂತದಲ್ಲಿ ಕೊಲೆಗೆ ಅವಕಾಶವೇ ಇಲ್ಲ. ಆ ಆಟವನ್ನು ಜನ ಅಪ್ಪಿಕೊಂಡರು. ಕೂಲಿ ಚಿನ್ನಕ್ಕೆ ಮರಳಿದೊಡನೆ ಕಳ್ಳನೂ ಕತ್ತಲಿಗೆ ಮರಳಿದ.

ಆದ್ದರಿಂದ ಸದ್ದಿಲ್ಲದ ಪಾತ್ರ ಕಟ್ಟಲು ಕೂತಿರುವವರಲ್ಲಿ ಒಂದು ಬಿನ್ನಹ. ಕೌಶಲಕ್ಕೆ ಅಂಕ ಹಂಚುವ ಮೊದಲು, ಯಾವ ಬಾಕು, ಯಾವ ನಿಲುವಂಗಿ ಎಂದು ಯೋಚಿಸುವ ಮೊದಲು, ಕಥೆ ನಡೆಸುವವರನ್ನು ಕೇಳಿ: ಈ ಮೇಜಿನಲ್ಲಿ ಅನುಭವಾಂಕ ಸಿಗುವುದು ಯಾವುದಕ್ಕೆ? ಕೊಂದದ್ದಕ್ಕೆ ಮಾತ್ರ ಎಂದು ಉತ್ತರ ಬಂದರೆ, ತಂದ ಚಿನ್ನಕ್ಕೂ ಕೊಡಿ ಎಂದು ಒತ್ತಾಯಿಸಿ. ಆ ನಿಯಮ 1974ರ ಪುಸ್ತಿಕೆಯಲ್ಲೇ ಇತ್ತು.