ಫಸಲಿ ಕಾಲದ ವಯಸ್ಸು, ಇಂದಿನ ಮಾಸಾಶನ

ಔರಾದ್ ಸೀಮೆಯ ಡಾಬಕಾ, ಕಮಲನಗರ, ಸಂತಪೂರದ ಕಡೆಯ ಹಿರಿಯರನ್ನು ವಯಸ್ಸು ಕೇಳಿದರೆ ಸಾಮಾನ್ಯವಾಗಿ ಸಂಖ್ಯೆ ಬರುವುದಿಲ್ಲ, ಒಂದು ಘಟನೆ ಬರುತ್ತದೆ. ರಜಾಕಾರರ ಗದ್ದಲದ ವರ್ಷ ತೊಟ್ಟಿಲಲ್ಲಿದ್ದೆ ಎನ್ನುತ್ತಾರೆ ಒಬ್ಬರು. ಪೊಲೀಸ್ ಆಕ್ಷನ್ ಆದಾಗ ದನ ಕಾಯುತ್ತಿದ್ದೆ ಎನ್ನುತ್ತಾರೆ ಇನ್ನೊಬ್ಬರು. ಎಪ್ಪತ್ತೆರಡರ ಬರದಲ್ಲಿ ಮದುವೆಯಾಯಿತು, ಕಿಲ್ಲಾರಿ ಭೂಕಂಪದ ಹೊತ್ತಿಗೆ ಮೊಮ್ಮಗ ಹುಟ್ಟಿದ್ದ ಎಂದು ಲೆಕ್ಕ ಮುಂದುವರಿಯುತ್ತದೆ. ಇತಿಹಾಸ ಓದಿದವರಿಗೆ ಈ ಉತ್ತರಗಳು ಸಾಕಷ್ಟು ನಿಖರ. ರಜಾಕಾರರ ಹಾವಳಿ 1947-48ರದು, ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿದ್ದು 1948ರ ಸೆಪ್ಟೆಂಬರ್ 13ರಂದು, ಕಿಲ್ಲಾರಿಯ ಭೂಮಿ ನಡುಗಿದ್ದು 1993ರ ಸೆಪ್ಟೆಂಬರ್ 30ರಂದು. ಆದರೆ ನಾಡಕಚೇರಿಯ ಅರ್ಜಿಯಲ್ಲಿ ಇಂಥ ಉತ್ತರಕ್ಕೆ ಜಾಗವಿಲ್ಲ. ಅಲ್ಲಿ ಇರುವುದು ದಿನ, ತಿಂಗಳು, ವರ್ಷ ಎಂಬ ಮೂರು ಚೌಕಗಳು.

ವೃದ್ಧಾಪ್ಯ ವೇತನದ ಕಥೆಯನ್ನು ನಾವು ಬಹುಮಟ್ಟಿಗೆ ರೂಪಾಯಿಗಳ ಲೆಕ್ಕದಲ್ಲಿ ಹೇಳಿಕೊಳ್ಳುತ್ತೇವೆ. ಯಾವ ಸರ್ಕಾರ ಎಷ್ಟು ಏರಿಸಿತು, ಯಾವ ತಿಂಗಳು ಹಣ ಬರಲಿಲ್ಲ ಎಂಬ ಮಾತೇ ಹೆಚ್ಚು. ಬೀದರಿನಂಥ ಗಡಿ ಜಿಲ್ಲೆಯಲ್ಲಿ ಅದಕ್ಕಿಂತ ಹಳೆಯ ಪ್ರಶ್ನೆಯೊಂದಿದೆ. ತನಗೆ ಇಷ್ಟು ವಯಸ್ಸಾಗಿದೆ, ತಾನು ಹೋರಾಡಿದ್ದೇನೆ, ತಾನು ಇಲ್ಲಿಯವನು ಎಂಬುದಕ್ಕೆ ಸಾಕ್ಷಿ ಒದಗಿಸಬೇಕಾದವರು ಯಾರು? ಮುದುಕರೋ, ದಾಖಲೆ ಇಡಬೇಕಿದ್ದ ರಾಜ್ಯವೋ?

ಮೊದಲು ಈ ನೆಲದ ಕಾಗದಗಳ ಸ್ಥಿತಿಯನ್ನು ನೋಡೋಣ. ನಿಜಾಮರ ಆಡಳಿತದಲ್ಲಿ ಕಚೇರಿಯ ಭಾಷೆ ಉರ್ದು, ಕಾಲಗಣನೆ ಫಸಲಿ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ಸಿಗುತ್ತದೆ. ಫಸಲಿ 1357 ಎಂದರೆ 1947-48. ಊರಿನ ಲೆಕ್ಕಪತ್ರ ಪಟವಾರಿಯ ಮನೆಯಲ್ಲಿತ್ತು, ಆ ಹುದ್ದೆ ವಂಶಪಾರಂಪರ್ಯವಾಗಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ್ ಜಿಲ್ಲೆ ಮೂರು ಕಡೆ ಹಂಚಿಹೋಯಿತು. ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಮೈಸೂರಿಗೆ ಬಂದವು. ಉದಗೀರ್, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಸೇರಿದವು. ಜನ ಇದ್ದಲ್ಲೇ ಇದ್ದರು, ಅವರ ಕಾಗದ ಸೇರಬೇಕಾದ ಕಚೇರಿಗಳು ಮಾತ್ರ ಬೇರೆ ಬೇರೆ ರಾಜ್ಯಗಳ ಪಾಲಾದವು. ಉದಗೀರನ್ನೇ ನೋಡಿ: 1956ರಲ್ಲಿ ಅದು ಉಸ್ಮಾನಾಬಾದ್ ಜಿಲ್ಲೆಗೆ ಸೇರಿತು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು, 1982ರಲ್ಲಿ ಹೊಸದಾಗಿ ರಚನೆಯಾದ ಲಾತೂರ್ ಜಿಲ್ಲೆಯೊಳಕ್ಕೆ ಹೋಯಿತು. ಔರಾದಿನ ಹುಡುಗನೊಬ್ಬ ಉದಗೀರಿನಲ್ಲಿ ಓದಿದ್ದರೆ ಅಥವಾ ಅಲ್ಲಿ ಬಂಧನಕ್ಕೊಳಗಾಗಿದ್ದರೆ, ಮುದುಕನಾದ ಮೇಲೆ ಆ ಗುರುತನ್ನು ಹುಡುಕಲು ಬೇರೊಂದು ರಾಜ್ಯದ, ಎರಡು ಸಲ ಬದಲಾದ ಜಿಲ್ಲೆಯ ಬಾಗಿಲು ತಟ್ಟಬೇಕಾಗಿತ್ತು.

ಈ ಬಾಗಿಲು ತಟ್ಟುವ ಕೆಲಸವನ್ನು ಮೊದಲು ಮಾಡಬೇಕಾಗಿ ಬಂದದ್ದು ಸ್ವಾತಂತ್ರ್ಯ ಹೋರಾಟಗಾರರು. ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ, 1972ರ ಆಗಸ್ಟ್ 15ರಂದು, ಕೇಂದ್ರ ಸರ್ಕಾರ ಹೋರಾಟಗಾರರ ಪಿಂಚಣಿಯನ್ನು ಆರಂಭಿಸಿತು. ಆಗ ಅದಕ್ಕೆ ಆದಾಯದ ಮಿತಿ ಇತ್ತು, ಬಡ ಹೋರಾಟಗಾರರಿಗೆ ನೆರವು ಎಂಬಂತಿತ್ತು. 1980ರಲ್ಲಿ ಮಿತಿಯನ್ನು ತೆಗೆದು ಹೆಸರಿಗೆ ‘ಸಮ್ಮಾನ್’ ಎಂಬ ಪದ ಸೇರಿಸಲಾಯಿತು. ನೆರವು ಗೌರವವಾಯಿತು. ಆದರೆ ಷರತ್ತು ಉಳಿಯಿತು: ಸಾಮಾನ್ಯವಾಗಿ ಆರು ತಿಂಗಳ ಸೆರೆವಾಸ, ಇಲ್ಲವೇ ಅಷ್ಟೇ ಕಾಲ ಭೂಗತರಾಗಿದ್ದದ್ದು, ಮತ್ತು ಅದಕ್ಕೆ ಆ ಕಾಲದ ಸರ್ಕಾರಿ ದಾಖಲೆ.

ಹೈದರಾಬಾದ್ ಸಂಸ್ಥಾನದ ಹೋರಾಟ ಈ ಚೌಕಟ್ಟಿಗೆ ಸುಲಭವಾಗಿ ಕೂರುವಂಥದ್ದಲ್ಲ. ಬ್ರಿಟಿಷರ ಜೈಲಿಗೆ ಹೋದವರಿಗೆ ಬ್ರಿಟಿಷರ ಜೈಲಿನ ವಹಿ ಇತ್ತು. ಇಲ್ಲಿ ಮೊದಲ ದೊಡ್ಡ ಸತ್ಯಾಗ್ರಹ 1938-39ರಲ್ಲಿ ಆರ್ಯ ಸಮಾಜದ ಹೆಸರಿನಲ್ಲಿ ನಡೆಯಿತು. ಆಗ ಬೀದರ್ ಜಿಲ್ಲೆಯಲ್ಲೇ ಇದ್ದ ಉದಗೀರಿನ ವಕೀಲ ಭಾಯಿ ಶ್ಯಾಮಲಾಲ್ 1938ರಲ್ಲಿ ಬೀದರ್ ಜೈಲಿನಲ್ಲಿ ತೀರಿಕೊಂಡರು. ಅದು ಧಾರ್ಮಿಕ ಚಳವಳಿಯೋ ಸ್ವಾತಂತ್ರ್ಯ ಹೋರಾಟವೋ ಎಂಬ ಪ್ರಶ್ನೆ ಬಹುಕಾಲ ಕಡತದಲ್ಲೇ ಕೂತಿತ್ತು. ಕೇಂದ್ರ ಅದನ್ನು ಪಿಂಚಣಿಗೆ ಮಾನ್ಯ ಮಾಡಿದ್ದು 1985ರಲ್ಲಿ. ಇಪ್ಪತ್ತರ ಹರೆಯದಲ್ಲಿ ಜೈಲಿಗೆ ಹೋದವರು ಅಷ್ಟರಲ್ಲಿ ಎಪ್ಪತ್ತರ ಹತ್ತಿರ ಬಂದಿದ್ದರು.

1947-48ರ ಹೋರಾಟಗಾರರ ತೊಡಕು ಇನ್ನೊಂದು ಬಗೆಯದು. ಅನೇಕರು ಸಂಸ್ಥಾನದ ಗಡಿ ದಾಟಿ, ಆಗಿನ ಮುಂಬಯಿ ಪ್ರಾಂತ್ಯದ ಊರುಗಳಲ್ಲಿ ಶಿಬಿರ ಹೂಡಿ, ಅಲ್ಲಿಂದ ಒಳಬಂದು ಕೆಲಸ ಮಾಡಿದವರು. ಕನ್ನಡದ ಕಡೆ ಮುಂಡರಗಿ, ಗಜೇಂದ್ರಗಡದ ಶಿಬಿರಗಳ ಹೆಸರು ಎಲ್ಲರಿಗೂ ಗೊತ್ತು. ಮರಾಠವಾಡದ ಅಂಚಿಗೂ ಇಂಥವು ಇದ್ದವು. ಹೀಗೆ ಹೋದವರು ಸೆರೆಯಾಗದೆ ಉಳಿದದ್ದೇ ಅವರ ಯಶಸ್ಸು. ಆದರೆ ಸೆರೆಯಾಗದವರಿಗೆ ಜೈಲಿನ ಪತ್ರ ಎಲ್ಲಿಂದ ಬರಬೇಕು? ಗುಟ್ಟಾಗಿ ನಡೆದ ಶಿಬಿರದಲ್ಲಿ ಹಾಜರಿ ಪುಸ್ತಕ ಯಾರು ಇಡುತ್ತಾರೆ? ಕೊನೆಗೆ ಸರ್ಕಾರ ಕೆಲವು ಗಡಿ ಶಿಬಿರಗಳನ್ನು ಪಟ್ಟಿ ಮಾಡಿ ಮಾನ್ಯ ಮಾಡಿತು. ಶಿಬಿರದ ಮುಖ್ಯಸ್ಥರು, ಜೊತೆಯಲ್ಲಿದ್ದ ಹಿರಿಯ ಹೋರಾಟಗಾರರು ಕೊಡುವ ಪ್ರಮಾಣಪತ್ರವನ್ನು ಪರಿಶೀಲನೆಗೆ ತೆಗೆದುಕೊಳ್ಳುವ ಏರ್ಪಾಡಾಯಿತು. ಕಾಗದ ಇಲ್ಲದಲ್ಲಿ ಜೊತೆಗಾರನ ಮಾತಿಗೆ ಬೆಲೆ ಬಂತು.

ನ್ಯಾಯಾಲಯಗಳು ಈ ದಿಕ್ಕಿನಲ್ಲಿ ಇನ್ನೂ ಮುಂದೆ ಹೋದವು. 1993ರ ಮುಕುಂದಲಾಲ್ ಭಂಡಾರಿ ಪ್ರಕರಣ ನೇರವಾಗಿ ಹೈದರಾಬಾದಿನ ಆರ್ಯ ಸಮಾಜ ಸತ್ಯಾಗ್ರಹಿಗಳದು. ತಡವಾಗಿ ಅರ್ಜಿ ಹಾಕಿದರು ಎಂಬ ಕಾರಣಕ್ಕೆ ಗೌರವದ ಪಿಂಚಣಿಯನ್ನು ನಿರಾಕರಿಸಬಾರದು, ಅರ್ಜಿ ತಲುಪಿದ ದಿನದಿಂದ ಅದು ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. 2001ರಲ್ಲಿ ಗುರುದಯಾಳ್ ಸಿಂಗ್ ಪ್ರಕರಣದಲ್ಲಿ ಕ್ರಿಮಿನಲ್ ಮೊಕದ್ದಮೆಯ ಮಟ್ಟದ ಪುರಾವೆಯನ್ನು ಹೋರಾಟಗಾರರಿಂದ ಕೇಳುವಂತಿಲ್ಲ, ಹೀಗಿದ್ದಿರಬಹುದು ಎಂಬ ಸಂಭವನೀಯತೆ ಸಾಕು ಎಂಬ ಅಳತೆಗೋಲನ್ನು ಕೊಟ್ಟಿತು. ಅರ್ಧ ಶತಮಾನದ ಹಿಂದಿನ ಘಟನೆಗೆ ಇದಕ್ಕಿಂತ ಹೆಚ್ಚಿನದನ್ನು ಕೇಳುವುದು ಇಲ್ಲ ಎನ್ನುವುದಕ್ಕೆ ಸಮ.

ಈ ಔದಾರ್ಯಕ್ಕೆ ಬೆಲೆಯೂ ತೆರಬೇಕಾಯಿತು. ಬೀಡ್ ಜಿಲ್ಲೆಯಲ್ಲಿ ಜೊತೆಗಾರರ ಪ್ರಮಾಣಪತ್ರಗಳ ಮೇಲೆ ಸುಳ್ಳು ಹೋರಾಟಗಾರರು ಹುಟ್ಟಿಕೊಂಡರು ಎಂಬ ದೂರು 2005ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಯಿತು. ಹೋರಾಟದ ಹೊತ್ತಿಗೆ ಚಿಕ್ಕ ಮಕ್ಕಳಾಗಿದ್ದವರೂ ಹೋರಾಟಗಾರರಾಗಿದ್ದಾರೆ ಎಂಬ ಮಾತು ಗಡಿಯ ಎರಡೂ ಕಡೆ ಇತ್ತು. ಸಾಕ್ಷಿಯನ್ನು ಸಡಿಲಿಸಿದರೆ ಸುಳ್ಳು ನುಸುಳುತ್ತದೆ, ಬಿಗಿ ಮಾಡಿದರೆ ನಿಜವಾದವರು ಹೊರಗುಳಿಯುತ್ತಾರೆ. ಎರಡರಲ್ಲಿ ಯಾವ ತಪ್ಪು ಹೆಚ್ಚು ಕ್ರೂರ ಎಂಬುದನ್ನು ಪ್ರತಿ ಆಡಳಿತವೂ ತೀರ್ಮಾನಿಸಬೇಕಾಗುತ್ತದೆ.

ಗೌರವದ ಪಟ್ಟಿಯಲ್ಲಿ ಎಂದೂ ಇಲ್ಲದವರೂ ಈ ಜಿಲ್ಲೆಯಲ್ಲಿದ್ದಾರೆ. ಪೊಲೀಸ್ ಆಕ್ಷನ್ನಿನ ನಂತರದ ಹಿಂಸೆಯನ್ನು ಕುರಿತು ಪಂಡಿತ್ ಸುಂದರಲಾಲ್ ಸಮಿತಿ ಕೊಟ್ಟ ವರದಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತ್ತು. ಅದಕ್ಕೆ ಮೊದಲು ರಜಾಕಾರರಿಂದ ಮನೆ ಕಳೆದುಕೊಂಡವರು, ಅದಾದ ಮೇಲೆ ಗಂಡನನ್ನೋ ಮಗನನ್ನೋ ಕಳೆದುಕೊಂಡ ಹೆಂಗಸರು, ಇವರು ಯಾರೂ ಹೋರಾಟಗಾರರ ವ್ಯಾಖ್ಯೆಯೊಳಗೆ ಬರುವವರಲ್ಲ. ಪ್ರತಿ ಸೆಪ್ಟೆಂಬರ್ 17ರಂದು ಧ್ವಜ ಏರಿದಾಗ ಅವರಿಗೆ ಶಾಲು ಹೊದಿಸುವುದಿಲ್ಲ. ಅವರಿಗೆ ಇದ್ದದ್ದು ಮುಪ್ಪಿನ ನೆರವು ಮಾತ್ರ.

ಆ ನೆರವಿಗೂ ಒಂದು ಚರಿತ್ರೆಯಿದೆ. ಸಂವಿಧಾನದ 41ನೆಯ ವಿಧಿ ಮುಪ್ಪು, ಕಾಯಿಲೆ, ನಿರುದ್ಯೋಗದಲ್ಲಿ ಸಾರ್ವಜನಿಕ ನೆರವಿನ ಮಾತಾಡುತ್ತದೆ, ಆದರೆ ‘ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ’ ಎಂಬ ಷರತ್ತಿನೊಡನೆ. ನಮ್ಮ ರಾಜ್ಯದಲ್ಲಿ ವೃದ್ಧಾಪ್ಯ ವೇತನ 1960ರ ದಶಕದಲ್ಲಿ ಬಂತು. 1995ರ ಆಗಸ್ಟ್ 15ರಂದು ಕೇಂದ್ರ ತನ್ನ ಪಾಲನ್ನು ಸೇರಿಸಿತು: ತಿಂಗಳಿಗೆ 75 ರೂಪಾಯಿ. ಮುಂದೆ ಅದು 200 ರೂಪಾಯಿಗೆ ಏರಿತು, 2007ರಲ್ಲಿ ಇಂದಿರಾ ಗಾಂಧಿ ಹೆಸರಿನ ಯೋಜನೆಯಾಯಿತು. ಅದೇ ವರ್ಷದ ಜುಲೈಯಲ್ಲಿ ಕರ್ನಾಟಕ 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು ಮುಂತಾದವರಿಗಾಗಿ 400 ರೂಪಾಯಿಯ ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು. 2021ರಲ್ಲಿ ಅದರ ಮೊತ್ತ 1200 ರೂಪಾಯಿಗೆ ಬಂತು.

ಇಲ್ಲೊಂದು ಸರಳ ಲೆಕ್ಕ ಮಾಡಿ ನೋಡಿ. 2007ರಲ್ಲಿ 65 ತುಂಬಿದವರು ಹುಟ್ಟಿದ್ದು 1942ರಲ್ಲಿ ಅಥವಾ ಅದಕ್ಕೂ ಹಿಂದೆ. ಅಂದರೆ ಔರಾದ್, ಭಾಲ್ಕಿ, ಬೀದರಿನಲ್ಲೇ ಹುಟ್ಟಿ ಬೆಳೆದು ಸಂಧ್ಯಾ ಸುರಕ್ಷೆಗೆ ಮೊದಲ ಅರ್ಜಿ ಹಾಕಿದ ಪ್ರತಿಯೊಬ್ಬರೂ ನಿಜಾಮರ ಪ್ರಜೆಗಳಾಗಿ ಹುಟ್ಟಿದವರು. ಜನನ ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ, ಜಾರಿಯಾದದ್ದು ಮರುವರ್ಷ. ಹಾಗಾಗಿ 2030ರ ಸುಮಾರಿನ ತನಕ ಅರವತ್ತು ತುಂಬುವ ಯಾರೂ ಆ ಕಾಯ್ದೆಯ ಕಾಲದಲ್ಲಿ ಹುಟ್ಟಿದವರಲ್ಲ. ಶಾಲೆಗೆ ಹೋಗದ ಕೂಲಿ ಹೆಣ್ಣುಮಗಳಿಂದ ಜನ್ಮದಿನಾಂಕ ಕೇಳುವ ಕಚೇರಿ, ತಾನೇ ಎಂದೂ ಬರೆದಿಡದ ವಿಷಯವನ್ನು ಅವಳಿಂದ ಕೇಳುತ್ತಿದೆ.

ಈ ಖಾಲಿ ಜಾಗವನ್ನು ಅಂದಾಜುಗಳು ತುಂಬಿವೆ. ಸರ್ಕಾರಿ ವೈದ್ಯರು ಹಲ್ಲು, ಕಣ್ಣು, ಚರ್ಮ ನೋಡಿ ಬರೆದುಕೊಟ್ಟ ವಯಸ್ಸು, ಮತದಾರರ ಪಟ್ಟಿಗೆ ಮನೆಮನೆ ಸುತ್ತಿದವರು ಬಾಗಿಲಲ್ಲಿ ನಿಂತು ಕೇಳಿ ಬರೆದ ವಯಸ್ಸು, ಪಡಿತರ ಚೀಟಿಯ ವಯಸ್ಸು. 2010ರಿಂದೀಚೆಗೆ ಆಧಾರ್ ಬಂತು. ದಾಖಲೆ ಇಲ್ಲದವರ ವಯಸ್ಸನ್ನು ಅದರಲ್ಲೂ ಬಾಯಿಮಾತಿನ ಅಂದಾಜಿನಿಂದಲೇ ಬರೆಯಲಾಯಿತು; ಹಳ್ಳಿಯ ಮುದುಕರಲ್ಲಿ ಅಷ್ಟೊಂದು ಜನ ಜನವರಿ 1ರಂದು ಹುಟ್ಟಿರುವುದು ಅದಕ್ಕೇ. 2024ರಲ್ಲಿ ಸುಪ್ರೀಂ ಕೋರ್ಟ್ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ, ಆಧಾರ್ ವಯಸ್ಸಿಗೆ ಪುರಾವೆಯಲ್ಲ ಎಂದಿತು. ಹೀಗಿದ್ದರೂ ಒಮ್ಮೆ ಯಂತ್ರದೊಳಗೆ ಹೋದ ಅಂದಾಜು ಸತ್ಯವಾಗಿಬಿಡುತ್ತದೆ. ಐದು ವರ್ಷ ಕಡಿಮೆ ಬರೆಸಿಕೊಂಡವರು ಐದು ವರ್ಷ ಕಾಯಬೇಕು. ಕೂಲಿ ಮಾಡಿ ಸವೆದ ದೇಹಕ್ಕೆ ಐದು ವರ್ಷ ಸಣ್ಣ ಅವಧಿಯಲ್ಲ.

ಸರ್ಕಾರಕ್ಕೆ ಇದು ತಿಳಿಯಲಿಲ್ಲ ಎನ್ನುವಂತಿಲ್ಲ. 2021ರ ಜನವರಿಯಲ್ಲಿ ಆರಂಭವಾದ ‘ಮನೆ ಬಾಗಿಲಿಗೆ ಮಾಸಾಶನ’ ಹೊಣೆಯನ್ನು ತಿರುಗಿಸಲು ಯತ್ನಿಸಿತು. ಪಡಿತರದ ದತ್ತಾಂಶದಲ್ಲಿ ಅರವತ್ತು ತುಂಬಿದವರನ್ನು ಕಚೇರಿಯೇ ಗುರುತಿಸಬೇಕು, ಗ್ರಾಮ ಲೆಕ್ಕಿಗರು ಮನೆಗೆ ಹೋಗಬೇಕು. 2022ರಲ್ಲಿ 155245 ಸಂಖ್ಯೆಗೆ ಕರೆ ಮಾಡಿದರೆ 72 ಗಂಟೆಗಳಲ್ಲಿ ಪಿಂಚಣಿ ಆದೇಶ ಎಂಬ ಏರ್ಪಾಡೂ ಬಂತು. ಅರ್ಜಿ ಹಿಡಿದು ಅಲೆದವರಿಗೆ ಇದು ದೊಡ್ಡ ಬದಲಾವಣೆ. ಆದರೆ ಪಟ್ಟಿ ಹುಡುಕುವುದು ಪಟ್ಟಿಯಲ್ಲಿರುವ ವಯಸ್ಸನ್ನೇ. ಮೂಲ ಅಂದಾಜು ತಪ್ಪಿದ್ದರೆ ಮನೆ ಬಾಗಿಲಿಗೆ ಬರುವವರು ಯಾರೂ ಇಲ್ಲ.

ಇಲ್ಲಿ ಪಂಚಾಯಿತಿಯ ಪ್ರಶ್ನೆ ಬರುತ್ತದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿ ಸಮಾಜ ಕಲ್ಯಾಣವನ್ನು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸೇರಿಸಿದೆ. ಕೇರಳದಲ್ಲಿ ವೃದ್ಧಾಪ್ಯ ಪಿಂಚಣಿಯ ಅರ್ಜಿ ಹೋಗುವುದು ಗ್ರಾಮ ಪಂಚಾಯಿತಿಗೇ. ನಮ್ಮಲ್ಲಿ ಅದು ಕಂದಾಯ ಇಲಾಖೆಯ ದಾರಿ: ನಾಡಕಚೇರಿ, ಗ್ರಾಮ ಆಡಳಿತ ಅಧಿಕಾರಿ, ತಹಶೀಲ್ದಾರ್. ಪಟವಾರಿಯ ವಹಿಯಿಂದ ಗ್ರಾಮ ಆಡಳಿತ ಅಧಿಕಾರಿಯ ಕಂಪ್ಯೂಟರಿನ ತನಕ ಊರಿನ ಮುದುಕರು ಯಾರು ಎಂದು ಬರೆಯುವ ಲೇಖನಿ ಕಂದಾಯದ ಕೈಯಲ್ಲೇ ಇದೆ. ಊರು ಮಾತ್ರ ಆ ಬರಹಕ್ಕೆ ಹೊರಗಿನದು.

ಆದರೆ ವಯಸ್ಸು ಗೊತ್ತಿರುವುದು ಊರಿಗೇ. ಯಾರ ಮದುವೆ ಎಪ್ಪತ್ತೆರಡರ ಬರದಲ್ಲಾಯಿತು, ಯಾರು ಯಾರಿಗಿಂತ ಹಿರಿಯರು, ಪೊಲೀಸ್ ಆಕ್ಷನ್ನಿನ ವರ್ಷ ಯಾರ ಮನೆಯಲ್ಲಿ ಕೂಸಿತ್ತು ಎಂಬುದನ್ನು ಒಂದು ಗ್ರಾಮಸಭೆ ಅರ್ಧ ದಿನದಲ್ಲಿ ಸಾಲಾಗಿ ಹೇಳಬಲ್ಲದು. ಒಬ್ಬರು ಸುಳ್ಳು ಹೇಳಿದರೆ ಅಲ್ಲಿಯೇ ನಗು ಕೇಳುತ್ತದೆ. ಬೀಡಿನಲ್ಲಿ ಆದಂತೆ ಮುಚ್ಚಿದ ಕೋಣೆಯ ಪ್ರಮಾಣಪತ್ರಕ್ಕೂ ಎಲ್ಲರೆದುರು ಆಡಿದ ಮಾತಿಗೂ ವ್ಯತ್ಯಾಸವಿದೆ. ಆ ಮಾತನ್ನು ಠರಾವಾಗಿ ಬರೆದು, ವಯಸ್ಸಿನ ತಿದ್ದುಪಡಿಗೆ ಆಧಾರವೆಂದು ಒಪ್ಪಿಕೊಳ್ಳುವುದಕ್ಕೆ ಹೊಸ ತತ್ವವೇನೂ ಬೇಕಿಲ್ಲ. ಗಡಿ ಶಿಬಿರದ ಹೋರಾಟಗಾರನಿಗೆ ಜೊತೆಗಾರನ ಸಾಕ್ಷಿಯನ್ನು ಒಪ್ಪಿದ ಸರ್ಕಾರ, ಸಂಭವನೀಯತೆ ಸಾಕೆಂದ ನ್ಯಾಯಾಲಯ, ಆ ಅಳತೆಯನ್ನು ಈಗಾಗಲೇ ಕೊಟ್ಟಿವೆ. ಗೌರವದ ಪಿಂಚಣಿಗೆ ಸಾಕಾದ ಸಾಕ್ಷಿ ಹಸಿವಿನ ಪಿಂಚಣಿಗೆ ಯಾಕೆ ಸಾಲದು ಎಂಬುದಕ್ಕೆ ಉತ್ತರ ಹೇಳಬೇಕಾದವರು ಕಚೇರಿಯಲ್ಲಿದ್ದಾರೆ.

ಹೈದರಾಬಾದ್ ವಿಮೋಚನೆಯನ್ನು ಕಣ್ಣಾರೆ ಕಂಡ ತಲೆಮಾರು ಈಗ ಎಂಬತ್ತು ದಾಟಿದೆ. ಹೋರಾಟಗಾರರ ಪಿಂಚಣಿಯ ಕಡತಗಳು ಒಂದೊಂದಾಗಿ ಮುಚ್ಚುತ್ತಿವೆ. ಅವರ ಜೊತೆಯಲ್ಲೇ ಬೆಳೆದ, ಯಾವ ಪಟ್ಟಿಗೂ ಸೇರದ ಮುದುಕರು ಡಾಬಕಾದಂಥ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ವಯಸ್ಸಿಗೆ ಸಾಕ್ಷಿ ಹೇಳಬಲ್ಲವರೂ ಅವರಷ್ಟೇ ಮುದುಕರು. ಗ್ರಾಮಸಭೆ ಅವರನ್ನು ಕೇಳಬೇಕಾದರೆ ಬೇಗ ಕೇಳಬೇಕು.